ಶಂಟಿಂಗ್ ಎಂಜಿನ್ ಬದಲಿಸುವ ಮುನ್ನ ಅದು ನಿಂತಿರುವ ಗಂಟೆಗಳನ್ನು ಎಣಿಸಿ

ಪ್ರಶ್ನೆ: ಕಲಬುರಗಿ ಜಿಲ್ಲೆಯ ಸಿಮೆಂಟ್ ಕಾರ್ಖಾನೆಯೊಂದರ ರೈಲ್ವೆ ಸೈಡಿಂಗ್ (ಕಾರ್ಖಾನೆಯ ಸ್ವಂತ ಹಳಿ) ಉಸ್ತುವಾರಿ ನನ್ನದು. 1980ರ ದಶಕದಲ್ಲಿ ವಾರಾಣಸಿಯಿಂದ ತಂದ 1,350 ಅಶ್ವಶಕ್ತಿಯ ಡಬ್ಲ್ಯುಡಿಎಸ್-6 ಮಾದರಿಯ ಲೋಕೋ ನಮ್ಮಲ್ಲಿದೆ. ರೈಲ್ವೆಯವರು ವ್ಯಾಗನ್ ಒಪ್ಪಿಸುವ ಎಕ್ಸ್‌ಚೇಂಜ್ ಯಾರ್ಡಿಗೆ ಬಂದ ಕಲ್ಲಿದ್ದಲು ರೇಕನ್ನು, ಎಂದರೆ ವ್ಯಾಗನ್‌ಗಳ ಇಡೀ ಸಾಲನ್ನು, ಎರಡು ಭಾಗ ಮಾಡಿ, ವ್ಯಾಗನ್ ಮಗುಚಿ ಖಾಲಿ ಮಾಡುವ ಟಿಪ್ಲರ್‌ವರೆಗೆ ಒಯ್ಯುವುದು ಅದರ ಮುಖ್ಯ ಕೆಲಸ. ದಾರಿಯಲ್ಲಿ 200ಕ್ಕೆ 1ರ ಏರು, ಆ ಏರಿನಲ್ಲೇ 6 ಡಿಗ್ರಿ ತಿರುವು. ಲಾಗ್ ಪುಸ್ತಕದ ಪ್ರಕಾರ ಎಂಜಿನ್ ದಿನಕ್ಕೆ 20 ಗಂಟೆ ಚಾಲೂ ಇರುತ್ತದೆ. ವ್ಯಾಗನ್ ಎಳೆಯುವುದು 6 ಗಂಟೆ ಮಾತ್ರ. ಈಗ ಒಬ್ಬ ಮಾರಾಟಗಾರರು ಎರಡು ಎಂಜಿನ್‌ಗಳುಳ್ಳ, ನಾಲ್ಕು ಆಕ್ಸಲ್‌ನ, 90 ಟನ್ ತೂಕದ 1,400 ಅಶ್ವಶಕ್ತಿಯ ಹೊಸ ಲೋಕೋ ಕೊಡುತ್ತೇವೆ, ಡೀಸೆಲ್ ಖರ್ಚು ಅರ್ಧಕ್ಕಿಳಿಯುತ್ತದೆ ಎನ್ನುತ್ತಾರೆ. ಇನ್ನೊಬ್ಬರು, ರೈಲ್ವೆ ಕೈಬಿಟ್ಟ 2,600 ಅಶ್ವಶಕ್ತಿಯ ಮೇನ್‌ಲೈನ್ ಲೋಕೋ ಅಗ್ಗವಾಗಿ ಸಿಗುತ್ತದೆ ಎನ್ನುತ್ತಾರೆ. ನಮ್ಮ ಹಿರಿಯ ಲೋಕೋ ಪೈಲಟ್‌ಗಳ ಮಾತೇ ಬೇರೆ: ಹೊಸ ಎಲೆಕ್ಟ್ರಾನಿಕ್ಸ್ ಈ ಧೂಳು, ಬಿಸಿಲಿನಲ್ಲಿ ಬಾಳುವುದಿಲ್ಲ, ಹಳೆಯ ಎಂಜಿನ್ನನ್ನು ನಿಲ್ಲಿಸಿದರೆ ಮತ್ತೆ ಏಳುವುದಿಲ್ಲ. ಆಡಳಿತ ಮಂಡಳಿಗೆ ನಾನು ಏನೆಂದು ಬರೆಯಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು 20 ಮತ್ತು 6 ಎಂಬ ಎರಡು ಅಂಕಿಗಳು. ಬಹಳಷ್ಟು ಸೈಡಿಂಗ್‌ಗಳವರು ಲೋಕೋದ ವಯಸ್ಸು, ಅಶ್ವಶಕ್ತಿ, ಬೆಲೆ ಬರೆಯುತ್ತಾರೆ. ಅದು ದಿನವಿಡೀ ಏನು ಮಾಡುತ್ತದೆ ಎಂಬುದನ್ನು ಬರೆಯುವುದಿಲ್ಲ. ನೀವು ಬರೆದಿರುವುದರಿಂದ ನಿಮ್ಮ ಚಿಂತೆಯನ್ನು ಎರಡಾಗಿ ಬಿಡಿಸಬಹುದು. ಹೊಸ ಲೋಕೋ ನಿಮ್ಮ ಏರನ್ನು ಹತ್ತೀತೇ ಎಂಬುದು ಒಂದು. ಹಳೆಯದು ಕುಡಿಯುವ ಡೀಸೆಲ್ ನಿಜವಾಗಿ ಎಲ್ಲಿ ಹೋಗುತ್ತಿದೆ ಎಂಬುದು ಇನ್ನೊಂದು. ಮಾರಾಟಗಾರರು ಎರಡನೆಯದಕ್ಕೆ ಉತ್ತರ ಹೇಳಿ ಮೊದಲನೆಯದನ್ನು ದಾಟಿಸಿಬಿಡುತ್ತಾರೆ. ಆದ್ದರಿಂದ ನಾನು ಮೊದಲನೆಯದರಿಂದಲೇ ಆರಂಭಿಸುತ್ತೇನೆ.

ಶಂಟಿಂಗ್‌ನಲ್ಲಿ ನಿಂತ ರೇಕನ್ನು ಕದಲಿಸುವುದು ಲೋಕೋದ ತೂಕ. ಅಶ್ವಶಕ್ತಿಯ ಪಾತ್ರ ಬರುವುದು ರೇಕ್ ಕದಲಿದ ಮೇಲೆ, ಎಷ್ಟು ವೇಗದಲ್ಲಿ ಒಯ್ಯಬಹುದು ಎಂಬಲ್ಲಿ. ಕಾಲು ಜಾರುವ ಎತ್ತಿನ ಬಲ ಗಾಡಿಗೆ ತಲುಪುವುದಿಲ್ಲ; ಹಾಗೆಯೇ ಗಾಲಿ ಹಳಿಯ ಮೇಲೆ ಜಾರಿದರೆ ಎಂಜಿನ್ ಎಷ್ಟು ದೊಡ್ಡದಾಗಿದ್ದರೂ ವ್ಯರ್ಥ. ಒಣ ಹಳಿಯ ಮೇಲೆ ಹಳೆಯ ಮಾದರಿಯ ಲೋಕೋ ತನ್ನ ತೂಕದ ಸುಮಾರು ಕಾಲು ಭಾಗದಷ್ಟು ಎಳೆತವನ್ನು ಗಾಲಿ ಜಾರದಂತೆ ಕೊಡಬಲ್ಲದು. ಮೈಕ್ರೊಪ್ರೊಸೆಸರ್ ಆಧಾರಿತ ಜಾರು ನಿಯಂತ್ರಣ ಇರುವ ಹೊಸ ಲೋಕೋ ಶೇ 30ರವರೆಗೂ ಕೊಟ್ಟೀತು.

ನಿಮ್ಮ ಹಳಿಗೇ ಲೆಕ್ಕ ಹಾಕೋಣ. ಕಲ್ಲಿದ್ದಲು ಸಾಗಿಸುವ ಬಾಕ್ಸ್‌ಎನ್ ಎಂಬ ತೆರೆದ ವ್ಯಾಗನ್ 58 ಇರುವ ರೇಕಿನಲ್ಲಿ ಅರ್ಧ ಎಂದರೆ 29. ತುಂಬಿದ ವ್ಯಾಗನ್ ಒಂದಕ್ಕೆ ಸುಮಾರು 81 ಟನ್ ಹಿಡಿದರೆ 2,350 ಟನ್ ಆಗುತ್ತದೆ. ರೈಲ್ವೆ ಹೆಚ್ಚುವರಿ ಭಾರಕ್ಕೆ ಅನುಮತಿ ಕೊಟ್ಟ ಮಾರ್ಗದಿಂದ ಬಂದ ರೇಕಾದರೆ ಇನ್ನೂ ಹೆಚ್ಚು. ನಿಂತ ವ್ಯಾಗನ್ ಕದಲಿಸಲು ಟನ್ನಿಗೆ ಸುಮಾರು 5 ಕಿಲೋ ಎಳೆತ ಬೇಕು. 200ಕ್ಕೆ 1ರ ಏರಿಗೆ ಇನ್ನೊಂದು 5 ಕಿಲೋ. ತಿರುವಿಗೆ ಪ್ರತಿ ಡಿಗ್ರಿಗೆ 0.4 ಕಿಲೋದಂತೆ 2.4 ಕಿಲೋ. ಒಟ್ಟು ಟನ್ನಿಗೆ 12.4 ಕಿಲೋ. ಲೋಕೋದ ಸ್ವಂತ ತೂಕವನ್ನೂ ಸೇರಿಸಿದರೆ, ಏರಿನ ನಡುವೆ ನಿಂತ ಅರ್ಧ ರೇಕನ್ನು ಮತ್ತೆ ಕದಲಿಸಲು ನಿಮಗೆ ಸುಮಾರು 30.5 ಟನ್ ಎಳೆತ ಬೇಕು.

ಈಗ ನಿಮ್ಮ ಮುಂದಿರುವ ಮೂರು ಲೋಕೋಗಳನ್ನು ನೋಡಿ. ಡಬ್ಲ್ಯುಡಿಎಸ್-6ರ ತೂಕ ಸುಮಾರು 126 ಟನ್. ಕಾಲು ಭಾಗ ಎಂದರೆ 31.5 ಟನ್. ಕೂದಲೆಳೆಯ ಅಂತರದಲ್ಲಿ ಪಾಸಾಯಿತು. ನಿಮ್ಮ ಪೈಲಟ್‌ಗಳು ಮಳೆಗಾಲದಲ್ಲಿ ಆ ತಿರುವಿನಲ್ಲಿ ಮರಳು ಬಿಡುತ್ತಲೇ ಇರಬೇಕಾಗುತ್ತದೆ ಎಂದು ಯಾರೂ ಹೇಳದೆಯೂ ನನಗೆ ಗೊತ್ತಾಗುತ್ತದೆ. 2,600 ಅಶ್ವಶಕ್ತಿಯ ಮೇನ್‌ಲೈನ್ ಲೋಕೋ, ಎಂದರೆ ಡಬ್ಲ್ಯುಡಿಎಂ-2, ತೂಗುವುದು 112.8 ಟನ್. ಕಾಲು ಭಾಗ 28.2. ನಿಮ್ಮ ಹಳೆಯದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಅಶ್ವಶಕ್ತಿ ಇರುವ ಈ ಯಂತ್ರ ನಿಮ್ಮ ಏರಿನಲ್ಲಿ ಅದಕ್ಕಿಂತ ಕಡಿಮೆ ಎಳೆಯುತ್ತದೆ. 90 ಟನ್ನಿನ ಹೊಸ ಲೋಕೋಗೆ ಶೇ 30ರ ಹಿಡಿತವನ್ನೇ ಧಾರಾಳವಾಗಿ ಕೊಟ್ಟರೂ 27 ಟನ್. ಅದೂ ಸಾಲದು.

ವಾಸ್ತವದಲ್ಲಿ ಕಪ್ಲರ್‌ಗಳ ಸಣ್ಣ ಸಡಿಲದಿಂದ ವ್ಯಾಗನ್‌ಗಳು ಒಂದರ ಹಿಂದೊಂದು ಕದಲುತ್ತವೆ, ಇಡೀ ಅರ್ಧ ರೇಕ್ ಒಂದೇ ಸಲ ತಿರುವಿನ ಮೇಲೆ ಇರುವುದಿಲ್ಲ. ಹಾಗಾಗಿ ಕೆಲವು ದಿನ 90 ಟನ್ನಿನದೂ ಹತ್ತಿಬಿಡಬಹುದು. ಆದರೆ ಆಗಸ್ಟಿನ ಒಂದು ರಾತ್ರಿ ಅದು ನಡುದಾರಿಯಲ್ಲಿ ನಿಂತರೆ, ರೇಕನ್ನು ಹಿಂದಕ್ಕೆ ಇಳಿಸಿ ಎರಡರ ಬದಲು ಮೂರು ಭಾಗ ಮಾಡಬೇಕು. ಪ್ರತಿ ರೇಕಿಗೆ ಒಂದು ಸುತ್ತು ಹೆಚ್ಚು. ರೈಲ್ವೆ ಕೊಡುವ ಉಚಿತ ಅವಧಿ ಮೀರಿದರೆ ಡೆಮರೇಜ್ (ತಡದ ದಂಡ) ಶುರುವಾಗುತ್ತದೆ, ಉಳಿಸಿದ ಡೀಸೆಲ್ಲಿನ ಹಣ ಆ ದಾರಿಯಲ್ಲಿ ಹೋಗುತ್ತದೆ. ಮಾರಾಟಗಾರರ ಕರಪತ್ರದಲ್ಲಿ ಈ ಸಾಲು ಇರುವುದಿಲ್ಲ.

ಇನ್ನು ಅಶ್ವಶಕ್ತಿ. 30 ಟನ್ ಎಳೆತವನ್ನು ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಒಯ್ಯಲು ಗಾಲಿಯ ಬಳಿ ಬೇಕಾದದ್ದು ಸುಮಾರು 890 ಅಶ್ವಶಕ್ತಿ. ಕದಲಿದ ಮೇಲೆ ವ್ಯಾಗನ್‌ಗಳ ಪ್ರತಿರೋಧ ಇಳಿಯುವುದರಿಂದ ಅಷ್ಟೂ ಬೇಕಾಗುವುದಿಲ್ಲ. 1,350 ನಿಮಗೆ ಯಥೇಚ್ಛ. 2,600 ಕೊಂಡರೆ ಹೆಚ್ಚಿನದಕ್ಕೆ ನಿಮ್ಮ ಸೈಡಿಂಗಿನಲ್ಲಿ ಕೆಲಸವೇ ಇಲ್ಲ, ಆದರೆ 16 ಸಿಲಿಂಡರುಗಳು ನಿಂತಲ್ಲೇ ಡೀಸೆಲ್ ಕುಡಿಯುತ್ತವೆ. ಮೇನ್‌ಲೈನ್ ಲೋಕೋ ಬೇಡ ಎನ್ನಲು ನನಗೆ ಇಷ್ಟು ಸಾಕು.

ಈಗ ಆ 20 ಮತ್ತು 6ಕ್ಕೆ ಬರುತ್ತೇನೆ. ದಿನಕ್ಕೆ 14 ಗಂಟೆ ನಿಮ್ಮ ಎಂಜಿನ್ ಸುಮ್ಮನೆ ಗುಡುಗುಡಿಸುತ್ತ ನಿಂತಿದೆ. ಇದು ನಿಮ್ಮೊಬ್ಬರ ಕಥೆಯಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಯಾರ್ಡ್ ಎಂಜಿನ್‌ಗಳ ಹೊಗೆ ಅಳೆಯಲು ಇಟ್ಟುಕೊಂಡಿರುವ ಮಾದರಿ ದಿನಚರಿಯಲ್ಲಿ ಐಡ್ಲಿಂಗಿಗೇ, ಎಂದರೆ ಕೆಲಸವಿಲ್ಲದೆ ಚಾಲೂ ಇರುವುದಕ್ಕೇ, ಶೇ 59.8 ಸಮಯ; ವೇಗದ ಹಿಡಿಕೆಯ ಪೂರ್ತಿ ಬಲದ ಎಂಟನೆಯ ಮೆಟ್ಟಿಲಿಗೆ (ನಾಚ್‌ಗೆ) ಶೇ 0.8. ಅಂದರೆ ಯಾರ್ಡ್ ಎಂಜಿನ್ನಿನ ಆಯುಷ್ಯದ ದೊಡ್ಡ ಪಾಲು ನಿಲ್ಲುವುದರಲ್ಲೇ ಕಳೆಯುತ್ತದೆ. ಹಳೆಯದು ಹೇಗೆ ನಿಲ್ಲುತ್ತದೆ, ಹೊಸದು ಹೇಗೆ ನಿಲ್ಲುತ್ತದೆ ಎಂಬುದನ್ನು ನೋಡದೆ ಮಾಡಿದ ಡೀಸೆಲ್ ಲೆಕ್ಕಕ್ಕೆ ಬೆಲೆಯಿಲ್ಲ.

ನಿಮ್ಮ ಲೋಕೋ ಐಡ್ಲಿಂಗಿನಲ್ಲಿ ಗಂಟೆಗೆ ಎಷ್ಟು ಕುಡಿಯುತ್ತದೆ ಎಂಬುದನ್ನು ನೀವೇ ಅಳೆಯಬೇಕು. ಟ್ಯಾಂಕಿನ ಗೇಜ್ ನಂಬದೆ, ತಾತ್ಕಾಲಿಕ ಡ್ರಮ್ಮಿನಿಂದ ಡೀಸೆಲ್ ಕೊಟ್ಟು ನಾಲ್ಕು ಗಂಟೆ ಓಡಿಸಿ, ರಿಟರ್ನ್ ಪೈಪನ್ನೂ ಅದೇ ಡ್ರಮ್ಮಿಗೆ ಬಿಟ್ಟು ನೋಡಿ. ಉದಾಹರಣೆಗೆ 12 ಲೀಟರ್ ಎಂದಿಟ್ಟುಕೊಂಡರೆ, 14 ಗಂಟೆಗೆ 168 ಲೀಟರ್. ವರ್ಷಕ್ಕೆ 61,000 ಲೀಟರ್ ದಾಟುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೆ 55 ಲಕ್ಷ. ಈ ಹಣಕ್ಕೆ ಒಂದೇ ಒಂದು ವ್ಯಾಗನ್ ಕೂಡ ಒಂದಡಿ ಮುಂದೆ ಹೋಗಿಲ್ಲ.

ನಿಲ್ಲಿಸಿದರೆ ಏಳುವುದಿಲ್ಲ ಎಂಬ ನಿಮ್ಮ ಪೈಲಟ್‌ಗಳ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಡೀಸೆಲ್ ಶೆಡ್ಡಿನಲ್ಲಿ ಕೆಲಸ ಮಾಡಿದ ಯಾರಿಗೂ ಅದರ ಮೂಲ ಗೊತ್ತು. ಈ ಎಂಜಿನ್ನನ್ನು ಏಳಿಸುವುದು ಬ್ಯಾಟರಿಯ ಕರೆಂಟಿನಿಂದ ಮೇನ್ ಜನರೇಟರನ್ನೇ ಮೋಟರಿನಂತೆ ತಿರುಗಿಸಿ. ಬ್ಯಾಟರಿ ಸೊರಗಿದ್ದರೆ ಕ್ರ್ಯಾಂಕ್ ಅರ್ಧ ಸುತ್ತಿ ನಿಂತುಬಿಡುತ್ತದೆ. ಎಂಜಿನ್ ತಣ್ಣಗಾದಾಗ ಲೈನರ್ ಸೀಲ್‌ಗಳು, ಸಿಲಿಂಡರ್ ಹೆಡ್ ಕೀಲುಗಳು ಕುಗ್ಗಿ ನೀರು ಜಿನುಗುತ್ತದೆ. ಆ ನೀರು ಸಿಲಿಂಡರಿನಲ್ಲಿ ಸೇರಿಕೊಂಡಿರುವಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪೈಪುಗಳಲ್ಲಿ ಗಾಳಿ ಸೋರುತ್ತಿದ್ದರೆ ಎಂಜಿನ್ ನಿಲ್ಲಿಸಿದ ಸ್ವಲ್ಪ ಹೊತ್ತಿಗೇ ಬ್ರೇಕ್ ಗಾಳಿ ಖಾಲಿ. ಹೀಗೆ ನಾಲ್ಕು ರೋಗಗಳನ್ನು ಮುಚ್ಚಿಡಲು ಎಂಜಿನ್ನನ್ನು ರಾತ್ರಿಯಿಡೀ ಓಡಿಸುತ್ತಾರೆ.

ಆದರೆ ಓಡಿಸುವುದರಿಂದ ಎಂಜಿನ್ ಸುರಕ್ಷಿತ ಎಂಬುದು ತಪ್ಪು ಕಲ್ಪನೆ. ಐಡ್ಲಿಂಗಿನಲ್ಲಿ ಸಿಲಿಂಡರ್ ಸಾಕಷ್ಟು ಬಿಸಿಯಾಗುವುದಿಲ್ಲ; ಪೂರ್ತಿ ಉರಿಯದ ಡೀಸೆಲ್ ಲ್ಯೂಬ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಟರ್ಬೊದಲ್ಲಿ ಒತ್ತಡ ಕಡಿಮೆಯಿದ್ದು ಎಣ್ಣೆ ಎಕ್ಸಾಸ್ಟ್ ಕಡೆಗೆ ಜಿನುಗುತ್ತದೆ. ಬೆಳಿಗ್ಗೆ ಮೊದಲ ಸಲ ನಾಚ್ ಏರಿಸಿದಾಗ ಚಿಮಣಿಯಿಂದ ಕಪ್ಪು ಹೊಗೆಯ ಜೊತೆ ಕಿಡಿ ಹಾರುವುದನ್ನು ನೀವು ನೋಡಿರಬಹುದು. ಅದು ರಾತ್ರಿಯ ಐಡ್ಲಿಂಗಿನ ಶೇಷ. ಚಳಿಗಾಲದಲ್ಲಿ ಹಿಮ ಬೀಳುವ ಉತ್ತರ ಅಮೆರಿಕದಲ್ಲಿ ಎಂಜಿನ್ ನಿಲ್ಲಿಸದಿರಲು ಬಲವಾದ ಕಾರಣವಿತ್ತು: ಕೂಲಿಂಗ್ ನೀರಿನಲ್ಲಿ ಆಂಟಿಫ್ರೀಜ್ ಇರುತ್ತಿರಲಿಲ್ಲ, ನೀರು ಹೆಪ್ಪುಗಟ್ಟಿದರೆ ಬ್ಲಾಕ್ ಒಡೆಯುತ್ತಿತ್ತು. ಕಲಬುರಗಿಯಲ್ಲಿ ಆ ಕಾರಣ ಇಲ್ಲ.

ಭಾರತೀಯ ರೈಲ್ವೆ ತನ್ನ ದೊಡ್ಡ ಡೀಸೆಲ್ ಲೋಕೋಗಳಲ್ಲಿ ಇದಕ್ಕೆ ಕಂಡುಕೊಂಡ ದಾರಿ ಸಹಾಯಕ ಎಂಜಿನ್, ಎಪಿಯು. ಲೋಕೋ ನಿಂತಾಗ ದೊಡ್ಡ ಎಂಜಿನ್ ತಾನಾಗಿ ನಿಲ್ಲುತ್ತದೆ. ಸಣ್ಣದೊಂದು ಎಂಜಿನ್ ಬ್ಯಾಟರಿ ಚಾರ್ಜ್ ಮಾಡುತ್ತ, ಗಾಳಿ ತುಂಬಿಸುತ್ತ ಇರುತ್ತದೆ. ಆ ದೊಡ್ಡ ಲೋಕೋಗಳಲ್ಲಿ ಐಡ್ಲಿಂಗಿಗೆ ಗಂಟೆಗೆ ಸುಮಾರು 25 ಲೀಟರ್ ಹೋಗುತ್ತಿದ್ದ ಕಡೆ ಎಪಿಯುಗೆ ಸುಮಾರು 3 ಲೀಟರ್ ಸಾಕು. ಮಾರಾಟಗಾರರು ಹೇಳಿದ 'ಅರ್ಧ ಡೀಸೆಲ್' ಸುಳ್ಳಲ್ಲ, ಆದರೆ ಅದರ ಹೆಚ್ಚಿನ ಪಾಲು ಎಂಜಿನ್ ನಿಲ್ಲಿಸುವುದರಿಂದ ಬರುವ ಉಳಿತಾಯ. ಅದನ್ನು ಪಡೆಯಲು ಹೊಸ ಲೋಕೋ ಕೊಳ್ಳಲೇಬೇಕೆಂದಿಲ್ಲ.

ಎರಡು ಮೂರು ಸಣ್ಣ ಎಂಜಿನ್ ಕೂಡಿಸಿದ ಜೆನ್‌ಸೆಟ್ ಲೋಕೋಗಳ ಬಗ್ಗೆ ನಿಮಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿ ನೋಡಿದವರು ಅಮೆರಿಕದವರು. 2000ದ ದಶಕದಲ್ಲಿ ಯೂನಿಯನ್ ಪೆಸಿಫಿಕ್‌ನಂತಹ ಕಂಪನಿಗಳು ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಯಾರ್ಡ್‌ಗಳ ಹಳೆಯ ಎಂಜಿನ್‌ಗಳ ಜಾಗಕ್ಕೆ ಇವನ್ನು ತಂದವು. ತಲಾ 700 ಅಶ್ವಶಕ್ತಿಯ ಮೂರು ಕಮ್ಮಿನ್ಸ್ ಎಂಜಿನ್, ಒಟ್ಟು 2,100. ಹಗುರ ಕೆಲಸಕ್ಕೆ ಒಂದೇ ಎಂಜಿನ್ ಓಡುತ್ತದೆ, ಭಾರ ಹೆಚ್ಚಿದಂತೆ ಉಳಿದವು ಎದ್ದು ಕೈಜೋಡಿಸುತ್ತವೆ. ಅದಕ್ಕೆ ಹಣ ಬಂದದ್ದು ಬಹುಪಾಲು ವಾಯುಮಾಲಿನ್ಯ ತಗ್ಗಿಸುವ ಸರ್ಕಾರಿ ನೆರವಿನಿಂದ. ಡೀಸೆಲ್ ಉಳಿಯಿತು, ಹೊಗೆಯೂ ಇಳಿಯಿತು. ಆದರೆ ಮೂರು ಎಂಜಿನ್ ಎಂದರೆ ಮೂರು ರೇಡಿಯೇಟರ್, ಮೂರು ಆಲ್ಟರ್ನೇಟರ್, ಮೂರು ಸ್ಟಾರ್ಟರ್, ಅವನ್ನೆಲ್ಲ ಕುಣಿಸುವ ಒಂದು ಸಾಫ್ಟ್‌ವೇರ್. ನಾಚ್ ಏರಿಸಿದ ಕೂಡಲೇ ಬಲ ಬರುವುದಿಲ್ಲ, ಮುಂದಿನ ಎಂಜಿನ್ ಏಳುವವರೆಗೆ ಕಾಯಬೇಕು. ವ್ಯಾಗನ್ ಜೋಡಿಸಿ ಬಿಡಿಸುವ ಕೆಲಸದಲ್ಲಿ ಪೈಲಟ್‌ಗಳಿಗೆ ಇದು ಇಷ್ಟವಾಗಲಿಲ್ಲ. ರಿಪೇರಿ ಖರ್ಚು ಏರಿತು, ಹಲವು ಜೆನ್‌ಸೆಟ್‌ಗಳು ಬೇಗನೆ ಮೂಲೆ ಸೇರಿದವು. ನಮ್ಮಲ್ಲೂ 800 ಅಶ್ವಶಕ್ತಿಯ ಮೂರು ಎಂಜಿನ್ ಜೋಡಿಸಿದ ಡಬ್ಲ್ಯುಡಿಎಂ-2ಜಿ ಮಾದರಿಯನ್ನು ರೈಲ್ವೆ ಮಾಡಿನೋಡಿತು. ಅದು ಬೆರಳೆಣಿಕೆಯಲ್ಲೇ ನಿಂತಿತು.

ಉತ್ತರ ಅಮೆರಿಕದಲ್ಲಿ ಇನ್ನೊಂದು ಪ್ರಯೋಗವೂ ನಡೆದಿತ್ತು. ಕೆನಡಾದ ರೈಲ್‌ಪವರ್ ಕಂಪನಿಯ ಗ್ರೀನ್ ಗೋಟ್ ಎಂಬ ಶಂಟರ್‌ನಲ್ಲಿ ಎಳೆಯುವ ಬಲ ದೊಡ್ಡ ಬ್ಯಾಟರಿಯದು, ಅದನ್ನು ತುಂಬಿಸಲು ಸಣ್ಣ ಡೀಸೆಲ್ ಎಂಜಿನ್. ಬ್ಯಾಟರಿಗಳಿಗೆ ಬೆಂಕಿ ತಗುಲಿದ ಪ್ರಕರಣಗಳಿಂದ ಅವನ್ನು ವಾಪಸ್ ಪಡೆಯಬೇಕಾಯಿತು. ಅಂದಿನಿಂದ ಬ್ಯಾಟರಿ ಬಹಳ ಸುಧಾರಿಸಿದೆ; ಜಬಲ್ಪುರದಲ್ಲಿ 2020ರಲ್ಲಿ ನಮ್ಮ ರೈಲ್ವೆಯವರೇ ಓವರ್‌ಹೆಡ್ ತಂತಿ ಮತ್ತು ಬ್ಯಾಟರಿ ಎರಡರಲ್ಲೂ ಓಡುವ 'ನವದೂತ್' ಶಂಟರ್ ಸಿದ್ಧಪಡಿಸಿದ್ದಾರೆ. ಸಮತಟ್ಟಾದ ಯಾರ್ಡಿನಲ್ಲಿ ಕೆಲವೇ ವ್ಯಾಗನ್ ಸರಿಸುವವರು ಇದನ್ನು ಖಂಡಿತ ಪರಿಶೀಲಿಸಬೇಕು. ನಿಮ್ಮ ಏರಿಗೆ, ನಿಮ್ಮ ಮೇ ತಿಂಗಳ ಬಿಸಿಲಿಗೆ, ನಾನು ಇವತ್ತು ಶಿಫಾರಸು ಮಾಡಲಾರೆ.

ಧೂಳಿನ ಮಾತಿಗೆ ಬರೋಣ. ಇಲ್ಲಿ ಪೈಲಟ್‌ಗಳ ಅಭಿಪ್ರಾಯಕ್ಕೆ ನನ್ನ ಸಮ್ಮತಿಯಿಲ್ಲ. ಧೂಳನ್ನು ಅತಿ ಹೆಚ್ಚು ದ್ವೇಷಿಸುವ ಯಂತ್ರ ಈಗ ನಿಮ್ಮಲ್ಲೇ ಇದೆ: ಡಿಸಿ ಜನರೇಟರ್. ಅದರ ಕಮ್ಯುಟೇಟರ್ ಎಂಬ ತಿರುಗುವ ತಾಮ್ರದ ಉರುಳೆಯ ಮೇಲೆ ಕಾರ್ಬನ್ ಬ್ರಷ್‌ಗಳು ಉಜ್ಜುತ್ತಲೇ ಇರುತ್ತವೆ. ಅಲ್ಲಿ ಸಿಮೆಂಟ್ ಧೂಳು ಕುಳಿತರೆ ಬ್ರಷ್ ಸವೆಯುತ್ತದೆ, ಕಿಡಿ ಹಾರಿ ಫ್ಲ್ಯಾಶ್‌ಓವರ್ ಆಗುತ್ತದೆ. ಎಸಿ ಆಲ್ಟರ್ನೇಟರ್‌ನಲ್ಲಿ ಕಮ್ಯುಟೇಟರ್ ಎಂಬುದೇ ಇಲ್ಲ. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಲೋಕೋಗಳು ಕಂಪ್ಯೂಟರ್ ನಿಯಂತ್ರಣದ ಎಸಿ ಯಂತ್ರಗಳೇ. ಬಳ್ಳಾರಿ, ಹೊಸಪೇಟೆ ಸೀಮೆಯ ಅದಿರಿನ ಧೂಳನ್ನೂ ಕ್ಯಾಸಲ್‌ರಾಕ್ ಆಚೆಯ 37ಕ್ಕೆ 1ರ ಘಟ್ಟವನ್ನೂ ಅವು ಕಂಡಿವೆ. ನೀವು ಕೇಳಬೇಕಾದದ್ದು ಬೇರೆ: ಎಲೆಕ್ಟ್ರಾನಿಕ್ ಕ್ಯಾಬಿನೆಟ್ಟಿನೊಳಗೆ ಶೋಧಿಸಿದ ಗಾಳಿಯನ್ನು ಒತ್ತಡದಿಂದ ತುಂಬಿಸುವ ವ್ಯವಸ್ಥೆ ಇದೆಯೇ, ರೇಡಿಯೇಟರ್ ರೆಕ್ಕೆಗಳನ್ನು ಬಿಚ್ಚದೆ ತೊಳೆಯಲು ಬರುತ್ತದೆಯೇ, 45 ಡಿಗ್ರಿಯಲ್ಲಿ ಪೂರ್ತಿ ಭಾರ ಎಳೆದ ಪರೀಕ್ಷಾ ವರದಿ ಇದೆಯೇ. ಸಿಮೆಂಟ್ ಧೂಳು ತೇವ ತಗುಲಿದರೆ ಗಟ್ಟಿಯಾಗುತ್ತದೆ. ಅದಿರಿನ ಧೂಳಿನಲ್ಲಿ ಬಾಳಿದ ರೇಡಿಯೇಟರ್ ನಿಮ್ಮಲ್ಲಿ ಕಟ್ಟಿಕೊಳ್ಳಬಹುದು. ಪೈಲಟ್‌ಗಳ ಭಯದಲ್ಲಿ ನಿಜವಿರುವುದು ಇಷ್ಟು ಭಾಗ.

ಹಾಗಾದರೆ ಆಡಳಿತ ಮಂಡಳಿಗೆ ನೀವು ಬರೆಯಬೇಕಾದದ್ದು ಏನು?

ಮೊದಲು ನಿಮ್ಮ ಲೋಕೋದ ಅಸ್ಥಿಪಂಜರವನ್ನು ಪರೀಕ್ಷಿಸಿ. ಅಂಡರ್‌ಫ್ರೇಮ್, ಬೋಗಿಗಳು, ಸೆಂಟರ್ ಪಿವಟ್, ಆಕ್ಸಲ್‌ಗಳಿಗೆ ಅಲ್ಟ್ರಾಸೋನಿಕ್ ಪರೀಕ್ಷೆ ಮಾಡಿಸಿ. ಬಿರುಕಿಲ್ಲದಿದ್ದರೆ ಆ 126 ಟನ್ ಉಕ್ಕು ನಿಮ್ಮ ಅತಿ ದೊಡ್ಡ ಆಸ್ತಿ, ಅದನ್ನು ಗುಜರಿಗೆ ಹಾಕಬೇಡಿ. ಅದೇ ಚಾಸಿ ಉಳಿಸಿಕೊಂಡು 1,400 ಅಶ್ವಶಕ್ತಿಯ ಆಸುಪಾಸಿನ ಒಂದೇ ಹೊಸ ಎಂಜಿನ್, ಎಸಿ ಆಲ್ಟರ್ನೇಟರ್, ಮೈಕ್ರೊಪ್ರೊಸೆಸರ್ ನಿಯಂತ್ರಣ ಮತ್ತು ಸ್ವಯಂ ಸ್ಟಾರ್ಟ್-ಸ್ಟಾಪ್ ಕೂರಿಸುವುದು ನನ್ನ ಮೊದಲ ಆಯ್ಕೆ. ಇದರ ಅಪಾಯವನ್ನೂ ಹೇಳಿಬಿಡುತ್ತೇನೆ. ಹೊಸ ಎಂಜಿನ್ ನಿಮಿಷಕ್ಕೆ 1,800 ಸುತ್ತಿನದು, ಹಳೆಯದು 1,000 ಸುತ್ತಿನದು. ಹಳೆಯ ಜನರೇಟರ್ ಇಟ್ಟುಕೊಂಡು ಎಂಜಿನ್ ಮಾತ್ರ ಬದಲಿಸುತ್ತೇವೆ ಎನ್ನುವವರಿಂದ ದೂರವಿರಿ. ಹೊಸ ಎಂಜಿನ್ ಹಗುರವಾಗಿರುವುದರಿಂದ ಕಳೆದುಹೋಗುವ ತೂಕವನ್ನು ಉಕ್ಕಿನ ತಟ್ಟೆ ಹಾಕಿ ತುಂಬಿಸಿ, ಕೆಲಸ ಮುಗಿದ ಮೇಲೆ ಗಾಲಿ ಗಾಲಿಯ ತೂಕ ಮಾಡಿಸಬೇಕು. ಗಾಲಿ ತಿರುಗಿಸುವ ಆರು ಹಳೆಯ ಟ್ರ್ಯಾಕ್ಷನ್ ಮೋಟರುಗಳು ಹಾಗೆಯೇ ಉಳಿಯುತ್ತವೆ, ಅವುಗಳ ಇನ್ಸುಲೇಷನ್ ಸೊರಗಿದ್ದರೆ ಮುಂದಿನ ಖರ್ಚು ಅಲ್ಲಿಂದ ಬರುತ್ತದೆ. ಕೆಲಸ ನಡೆಯುವಷ್ಟು ತಿಂಗಳು ಬಾಡಿಗೆ ಲೋಕೋ ಬೇಕು.

ಚಾಸಿಯಲ್ಲಿ ಬಿರುಕಿದ್ದರೆ ಹೊಸದೇ ಗತಿ. ಆಗ ಆರು ಆಕ್ಸಲ್, ಕನಿಷ್ಠ 120 ಟನ್, ಒಂದೇ ಎಂಜಿನ್. ಬಿಎಚ್‌ಇಎಲ್‌ನ ಝಾನ್ಸಿ ಘಟಕ ಕಾರ್ಖಾನೆಗಳಿಗಾಗಿ ಇಂಥ ಡೀಸೆಲ್-ಎಲೆಕ್ಟ್ರಿಕ್ ಶಂಟರ್‌ಗಳನ್ನು ಮಾಡಿಕೊಟ್ಟಿದೆ. ಬೆಂಗಳೂರಿನ ವೈಟ್‌ಫೀಲ್ಡಿನ ಸ್ಯಾನ್ ಎಂಜಿನಿಯರಿಂಗ್ ಡೀಸೆಲ್-ಹೈಡ್ರಾಲಿಕ್ ಶಂಟರ್‌ಗಳಿಗೆ ಹೆಸರಾಗಿದೆ. ಹೈಡ್ರಾಲಿಕ್‌ನಲ್ಲಿ ಗಾಲಿಗಳೆಲ್ಲ ಶಾಫ್ಟ್‌ನಿಂದ ಒಂದಕ್ಕೊಂದು ಸೇರಿರುವುದರಿಂದ ಒಂದೇ ಆಕ್ಸಲ್ ಜಾರುವುದಿಲ್ಲ, ಹಿಡಿತ ಒಳ್ಳೆಯದು. ಆದರೆ ನಿಮ್ಮಷ್ಟು ಉದ್ದದ ನಿಧಾನ ಏರಿನಲ್ಲಿ ಎಂಜಿನ್ನಿನ ಬಲವನ್ನು ಗಾಲಿಗೆ ಸಾಗಿಸುವ ಕನ್ವರ್ಟರಿನ ಎಣ್ಣೆ ಬಿಸಿಯಾಗುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿಸಬೇಕು.

ಯಾವ ಬದಲಾವಣೆಯೂ ಬೇಡ, ಇದ್ದದ್ದನ್ನೇ ನಡೆಸೋಣ ಎಂದು ಮಂಡಳಿ ಹೇಳಿದರೆ? ಕೆಲವು ವರ್ಷ ಸಾಧ್ಯ. ನಿಮ್ಮ 6 ಸಿಲಿಂಡರಿನ ಎಂಜಿನ್ನಿಗೂ ಮೇನ್‌ಲೈನಿನ 16 ಸಿಲಿಂಡರಿನದಕ್ಕೂ ಪಿಸ್ಟನ್, ಲೈನರ್, ಹೆಡ್ ಒಂದೇ ಕುಟುಂಬದವು. ಬ್ರಾಡ್‌ಗೇಜ್ ಬಹುತೇಕ ವಿದ್ಯುದೀಕರಣವಾಗಿ ಆ ಲೋಕೋಗಳು ನಿವೃತ್ತಿಯಾಗುತ್ತಿರುವುದರಿಂದ ಬಿಡಿಭಾಗ ಸದ್ಯ ಸಿಗುತ್ತದೆ. ಕ್ರ್ಯಾಂಕ್‌ಶಾಫ್ಟ್ ಮತ್ತು ಬ್ಲಾಕ್ ಮಾತ್ರ ಬೇರೆ, ಅವು ಹೋದರೆ ಹುಡುಕಾಟ. ಅದಕ್ಕಿಂತ ನನಗೆ ಕಾಣುವ ದೊಡ್ಡ ಕೊರತೆ ಜನರದು. ಈ ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುವ ಫಿಟ್ಟರ್‌ಗಳು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ, ಹೊಸ ಹುಡುಗರು ಎಲೆಕ್ಟ್ರಿಕ್ ಲೋಕೋ ಕಲಿಯುತ್ತಿದ್ದಾರೆ. ಹಾಗೆ ನಡೆಸುವುದಾದರೆ ಈ ವರ್ಷವೇ ಹೊಸ ಬ್ಯಾಟರಿ, ಗಾಳಿ ಸೋರಿಕೆ ದುರಸ್ತಿ, ಒಂದು ಎಪಿಯು. ಅರ್ಧ ಗಂಟೆಗಿಂತ ಹೆಚ್ಚು ಕೆಲಸವಿಲ್ಲದಾಗ ಎಂಜಿನ್ ನಿಲ್ಲಿಸುವ ಆದೇಶ. ಮತ್ತೆ ಏಳಿಸುವ ಮುನ್ನ ಸಿಲಿಂಡರಿನ ಟೆಸ್ಟ್ ಕಾಕ್ (ಸಣ್ಣ ಕೊಳಾಯಿ) ತೆರೆದು ಕ್ರ್ಯಾಂಕ್ ಕೈಯಿಂದ ತಿರುಗಿಸಿ ನೀರಿಲ್ಲವೆಂದು ನೋಡುವ ಪದ್ಧತಿ. ಇದಕ್ಕೆ ತಗಲುವ ಹಣ ಐಡ್ಲಿಂಗ್ ಉಳಿತಾಯದಿಂದಲೇ ಹಿಂತಿರುಗುತ್ತದೆ.

ಯಾವ ದಾರಿ ಹಿಡಿದರೂ ಏರ್ ಕಂಪ್ರೆಸರ್ ಸಾಮರ್ಥ್ಯವನ್ನು ಮರೆಯಬೇಡಿ. 29 ವ್ಯಾಗನ್‌ಗಳ ಬ್ರೇಕ್ ಪೈಪನ್ನು 5 ಕಿಲೋ ಒತ್ತಡಕ್ಕೆ ತುಂಬಿಸಲು ಸಣ್ಣ ಕಂಪ್ರೆಸರ್ ಎಷ್ಟು ನಿಮಿಷ ತೆಗೆದುಕೊಳ್ಳುತ್ತದೆ ಎಂದು ಕೇಳಿ. ಗಾಳಿ ಪೂರ್ತಿ ತುಂಬುವ ಮೊದಲೇ ಅವಸರದಲ್ಲಿ ಎಳೆಯುವ ಅಭ್ಯಾಸ ಶುರುವಾದರೆ, ಬ್ರೇಕಿಲ್ಲದ ವ್ಯಾಗನ್‌ಗಳು ಅದೇ ಏರಿನಲ್ಲಿ ಹಿಂದಕ್ಕೆ ಉರುಳುತ್ತವೆ. ಹಳಿಯ ಬಳಿ ನಿಂತು ವ್ಯಾಗನ್ ಜೋಡಿಸಿ ಬಿಡಿಸುವ ಪಾಯಿಂಟ್ಸ್‌ಮನ್‌ಗಳ ಜೀವದ ಪ್ರಶ್ನೆ ಇದು, ಇದರಲ್ಲಿ ಉಳಿತಾಯ ಹುಡುಕುವುದನ್ನು ನಾನು ಒಪ್ಪುವುದಿಲ್ಲ. ಲೋಕೋ ರೈಲ್ವೆಯ ಎಕ್ಸ್‌ಚೇಂಜ್ ಯಾರ್ಡಿಗೂ ಹೋಗುವುದರಿಂದ ಯಾವುದೇ ಬದಲಾವಣೆಗೆ ಮುನ್ನ ವಿಭಾಗೀಯ ಕಚೇರಿಯ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ.

ಟೆಂಡರಿನಲ್ಲಿ ಒಂದು ಷರತ್ತು ಸೇರಿಸಿ: ಅಂತಿಮ ಕಂತು ಕೊಡುವ ಮುನ್ನ ಲೋಕೋ ನಿಮ್ಮ ಸೈಡಿಂಗಿನಲ್ಲೇ, ತುಂಬಿದ 29 ವ್ಯಾಗನ್‌ಗಳೊಂದಿಗೆ, ಆ 6 ಡಿಗ್ರಿ ತಿರುವಿನ ನಡುವೆ ನಿಂತು, ಹಳಿಗೆ ನೀರು ಹೊಡೆದ ಮೇಲೆ, ಮರಳು ಬಿಟ್ಟುಕೊಂಡು ಮೂರು ಸಲ ಕದಲಿಸಿ ತೋರಿಸಬೇಕು. ಆ ಪರೀಕ್ಷೆಯಲ್ಲಿ ಹ್ಯಾಂಡಲ್ ಹಿಡಿಯುವುದು ಕಂಪನಿಯ ಚಾಲಕರಲ್ಲ, ನಿಮ್ಮ ಹಿರಿಯ ಪೈಲಟ್‌ಗಳು ಎಂದೂ ಬರೆಯಿರಿ.